ಮಸ್ಕಿಯ ಬಂಡೆ ಒಡೆದರೆ ಕೊಪ್ಪಳದ ಬಂಡೆ ಒಡೆಯುವುದಿಲ್ಲ

ರಾಯಚೂರಿಗೆ ಹತ್ತಿ ಬರುವ ತಿಂಗಳುಗಳಲ್ಲಿ ನಮ್ಮ ಸರ್ವರ್‌ನ ಫ್ಯಾನ್ ಸದ್ದು ಬದಲಾಗುತ್ತದೆ. ಸಣ್ಣಗೆ ಗುಂಯ್ ಅನ್ನುತ್ತಿದ್ದದ್ದು ಏದುಸಿರು ಬಿಡತೊಡಗುತ್ತದೆ. ಕಳೆದ ಸಲ ಡಬ್ಬಿ ಬಿಚ್ಚಿ ನೋಡಿದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಅರಳೆಯ ಎಳೆ, ಧೂಳು ಎರಡೂ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡಿದ್ದವು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಉಳಿದದ್ದನ್ನು ಬಣ್ಣ ಹಚ್ಚುವ ಬ್ರಷ್‌ನಿಂದ ತೆಗೆದೆ. ಪ್ರೊಸೆಸರ್ ಬಿಸಿ 88 ಡಿಗ್ರಿಯಿಂದ 61ಕ್ಕೆ ಇಳಿಯಿತು.

ಇದು ದೊಡ್ಡ ಕಂಪನಿಯ ಸರ್ವರ್ ಅಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಸುಮಾರು ಮುನ್ನೂರು ಜನ ತತ್ವಪದ ಹಾಡುವವರು, ಕೇಳುವವರು ಸೇರಿ ನಡೆಸುತ್ತಿರುವುದು. ಏಕತಾರಿ, ದಮ್ಮಡಿ ಹಿಡಿದು ಹಾಡಿದ ರಾತ್ರಿಗಳ ಧ್ವನಿಮುದ್ರಣ ಅದರಲ್ಲಿದೆ. ಹಾಡಿದವರಲ್ಲಿ ಕೆಲವರು ಈಗಿಲ್ಲ.

ಮಹಾನವಮಿಗೆ ಈ ಸರ್ವರ್‌ಗೂ ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು. ಪೂಜೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು 'ಓಡುತ್ತಿರುವ ಮಷೀನ್ ಮುಟ್ಟಬಾರದು' ಎಂಬ ನಂಬಿಕೆಯ ಮೇಲೆ. ನಾನೂರು ದಿನದಿಂದ ರೀಸ್ಟಾರ್ಟ್ ಮಾಡಿಲ್ಲ ಅಂತ ಹೆಮ್ಮೆಪಡುವವರನ್ನು ನೋಡಿದ್ದೇನೆ. ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಹಾಕಿದ ತೇಪೆ (ತೂತು ಮುಚ್ಚುವ ಅಪ್‌ಡೇಟ್) ಸಾಮಾನ್ಯವಾಗಿ ರೀಸ್ಟಾರ್ಟ್ ಆದ ಮೇಲೇ ಕೆಲಸಕ್ಕೆ ಬರುತ್ತದೆ. ಅಂದರೆ ಅವರದ್ದು ನಾನೂರು ದಿನದ ಹಳೇ ಕರ್ನಲ್. ತೇಪೆ ಬಿಡುಗಡೆಯಾದ ದಿನ, ತೂತು ಎಲ್ಲಿತ್ತು ಅನ್ನುವುದೂ ಲೋಕಕ್ಕೆ ಗೊತ್ತಾಗುತ್ತದೆ. ಕಳ್ಳರು ಹುಡುಕುವುದು ಇನ್ನೂ ತೇಪೆ ಹಾಕದ ಮನೆಯನ್ನೇ ಅಲ್ವಾ?

ನಾವು ಬಳಸುವುದು ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. 11ರಿಂದ 12ಕ್ಕೆ, ಅಲ್ಲಿಂದ 13ಕ್ಕೆ. ನಡುವಿನ ಮೆಟ್ಟಿಲು ಹಾರುವಂತಿಲ್ಲ. ತಡ ಮಾಡಿದಷ್ಟೂ ಹತ್ತಬೇಕಾದ ಮೆಟ್ಟಿಲು ಜಾಸ್ತಿ. ಅಪ್‌ಗ್ರೇಡ್ ಅಂದರೆ ಜನ ಹೆದರುವುದು ಯಾಕೆ ಅಂದರೆ, ಕೆಟ್ಟರೆ ಹಿಂದಕ್ಕೆ ಬರುವ ದಾರಿ ಇಲ್ಲ ಅಂತ. ಆ ದಾರಿಯ ಹೆಸರು ಬ್ಯಾಕಪ್. ಅದರ ಬಗ್ಗೆಯೇ ದೊಡ್ಡದೊಂದು ತಪ್ಪು ತಿಳಿವಳಿಕೆ ಇದೆ: 'ನಮ್ಮಲ್ಲಿ ಮೂರು ಡಿಸ್ಕ್ ಇವೆ, ಒಂದು ಹೋದರೂ ಏನೂ ಆಗಲ್ಲ.'

ಆ ಮೂರು ಡಿಸ್ಕಿನ ಏರ್ಪಾಟು ನಿಜಕ್ಕೂ ಸೊಗಸಾದದ್ದು. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಇದಕ್ಕೆ ರೇಡ್ ಅಂತ ಹೆಸರಿಟ್ಟರು. ಎರಡು ಡಿಸ್ಕಿನಷ್ಟು ಹಾಡು, ಒಂದು ಡಿಸ್ಕಿನಷ್ಟು ಲೆಕ್ಕ. ಈ ಲೆಕ್ಕವೇ ಪ್ಯಾರಿಟಿ. ನಿಜದಲ್ಲಿ ಲೆಕ್ಕವನ್ನು ಮೂರಕ್ಕೂ ಹಂಚಿರುತ್ತಾರೆ, ಈಗ ಮೂರನೆಯದರಲ್ಲಿದೆ ಅಂದುಕೊಳ್ಳೋಣ. ಅಣ್ಣ 7 ಚೀಲ, ತಮ್ಮ 5 ಚೀಲ ಹತ್ತಿ ತಂದರು. ಚೀಟಿಯಲ್ಲಿ 12 ಅಂತ ಬರೆದಿದೆ. ತಮ್ಮನ ಲೆಕ್ಕ ಕಳೆದುಹೋದರೂ ಚೀಟಿ ಮತ್ತು ಅಣ್ಣ ಸೇರಿ ಅದನ್ನು ಹೇಳುತ್ತಾರೆ.

ಕಂಪ್ಯೂಟರ್‌ಗೆ ಕೂಡುವುದೂ ಬೇಕಿಲ್ಲ. ನಿಮ್ಮ ಮನೆಯ ಮೆಟ್ಟಿಲ ಲೈಟು ನೆನಪಿಸಿಕೊಳ್ಳಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎರಡೂ ಒಂದೇ ಕಡೆಗಿದ್ದರೆ ಲೈಟು ಆರಿರುತ್ತದೆ, ಬೇರೆ ಬೇರೆ ಕಡೆಗಿದ್ದರೆ ಉರಿಯುತ್ತದೆ. ನೀವು ಕೆಳಗೆ ನಿಂತಿದ್ದೀರಿ. ಲೈಟು ಉರಿಯುತ್ತಿದೆ, ಕೆಳಗಿನ ಸ್ವಿಚ್ ಕಾಣುತ್ತಿದೆ. ಮೇಲಿನದು ಯಾವ ಕಡೆಗಿದೆ ಅಂತ ಹತ್ತಿ ನೋಡಬೇಕಾಗಿಲ್ಲ. ಪ್ಯಾರಿಟಿ ಅಂದರೆ ಈ ಲೈಟೇ. 4 ಟೆರಾಬೈಟ್ ಡಿಸ್ಕ್ ಅಂದರೆ ಇಂಥ 32 ಲಕ್ಷ ಕೋಟಿ ಲೈಟುಗಳು.

ಹಾಡಿನವರಿಗೆ ನಾನು ಇನ್ನೊಂದು ಥರ ಹೇಳುತ್ತೇನೆ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23. ಪ್ರತಿ ಮಾಡುವವರು ಒಂದು ಅಕ್ಷರ ಬಿಟ್ಟರೆ ಹಾಡುವವರ ನಾಲಿಗೆ ಅಲ್ಲೇ ಎಡವುತ್ತದೆ. ಏನೋ ಬಿಟ್ಟುಹೋಗಿದೆ ಅಂತ ಮಾತ್ರೆ ಹೇಳುತ್ತದೆ, ಬಿಟ್ಟದ್ದು ಏನು ಅಂತ ಹೇಳುವುದಿಲ್ಲ. ಪ್ಯಾರಿಟಿ ಅದನ್ನೂ ಹೇಳುತ್ತದೆ. ಹೋದದ್ದು ಯಾವ ಡಿಸ್ಕ್ ಅಂತ ಗೊತ್ತಿದ್ದರೆ ಸಾಕು.

ಮೇ ತಿಂಗಳ ಸೆಕೆಯಲ್ಲಿ ನಮ್ಮ ಒಂದು ಡಿಸ್ಕ್ ಸತ್ತಿತು. ಹೊಸದು ಹಾಕಿದೆವು. ಉಳಿದೆರಡನ್ನೂ ತುದಿಯಿಂದ ತುದಿಗೆ ಓದಿ, ಹತ್ತು ಗಂಟೆಯಲ್ಲಿ ಸತ್ತದ್ದನ್ನು ಮತ್ತೆ ಬರೆದುಕೊಂಡಿತು. ಒಂದು ಹಾಡೂ ಹೋಗಲಿಲ್ಲ. ನೋಡಿ ಮೈ ಜುಮ್ಮೆಂದಿತು.

ಮೂರು ವಾರದ ಮೇಲೆ ನಮ್ಮವರೇ ಒಬ್ಬರು ಜಾಗ ಖಾಲಿ ಮಾಡಲು ಹೋಗಿ ಒಂದು ಇಡೀ ಫೋಲ್ಡರ್ ಅಳಿಸಿದರು. ಪ್ಯಾರಿಟಿ ಅವರನ್ನು ತಡೆಯಲಿಲ್ಲ. ಹೇಗೆ ತಡೆಯುತ್ತದೆ? ಸ್ವಿಚ್ ಹಾಕಿದ ಕೂಡಲೇ ಲೈಟು ಬದಲಾಗಲೇಬೇಕು. ಅಳಿಸಿದ್ದನ್ನು ಮೂರೂ ಡಿಸ್ಕ್ ಆ ಕ್ಷಣವೇ ಒಪ್ಪಿಕೊಂಡವು. ಅವು ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದೇ ಡಬ್ಬಿ, ಒಂದೇ ಕರೆಂಟು, ಒಂದೇ ಸೆಕೆ, ಒಂದೇ ತಪ್ಪು.

ಬ್ಯಾಕಪ್ ಅಂದರೆ ಕಟ್ಟು ಬಿಚ್ಚಿದ ಪ್ರತಿ. ಅದನ್ನು ನೋಡಬೇಕಾದರೆ ಮಸ್ಕಿಗೆ ಹೋಗಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್‌ಗೆ ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅದಕ್ಕೂ ಮೊದಲು ಓದಿದ ಇಂಥ ರಾಜಾಜ್ಞೆಯ ಶಾಸನಗಳಲ್ಲೆಲ್ಲ 'ದೇವಾನಂಪಿಯ', 'ಪಿಯದಸಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಆದರೆ ಆ ಬಂಡೆಯಲ್ಲಿ ಕೆಲವು ಕಡೆ ಅಕ್ಷರ ಕಿತ್ತುಹೋಗಿವೆ. ಅಲ್ಲಿ ಏನಿತ್ತು ಅಂತ ತಿಳಿಯಲು ಇದೇ ಆಜ್ಞೆಯ ಬೇರೆ ಪ್ರತಿಗಳು ನೆರವಾಗುತ್ತವೆ. ಕೊಪ್ಪಳದ ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದಲ್ಲಿ ಮತ್ತೆರಡು. ಮಸ್ಕಿಯ ಬಂಡೆ ಬಿರುಕು ಬಿಟ್ಟಾಗ ಗವಿಮಠದ ಬಂಡೆಗೆ ಅದು ಗೊತ್ತೇ ಆಗಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಸಿದ್ದು ಈ ಗೊತ್ತಾಗದಿರುವ ಗುಣ.

ನಮ್ಮ ಹಾಡುಗಳ ಕೊಪ್ಪಳದ ಪ್ರತಿ ಅಲ್ಲಿನ ಒಬ್ಬ ಮೇಷ್ಟ್ರ ಮನೆಯ ಅಲಮಾರಿಯಲ್ಲಿದೆ. ಒಂದು ಹಾರ್ಡ್ ಡಿಸ್ಕ್, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಾರೆ. ಯಾವ ವೈರಿಗೂ ಸಿಕ್ಕಿಸಿಲ್ಲ. ಎರಡು ಡಿಸ್ಕ್ ಸರದಿಯಲ್ಲಿ ಬಸ್ಸಿನಲ್ಲಿ ಓಡಾಡುತ್ತವೆ. ಅಪ್‌ಗ್ರೇಡ್‌ಗೆ ಮೊದಲು ಹೊಸ ಪ್ರತಿ ಅಲ್ಲಿ ತಲುಪಲೇಬೇಕು. ತಲುಪಿದರೆ ಸಾಲದು, ಅದರಿಂದ ಒಂದು ಹಾಡು ತೆಗೆದು ಪೂರ್ತಿ ಕೇಳಬೇಕು. ತೆರೆದು ನೋಡದ ಬ್ಯಾಕಪ್‌ನ ನಾನು ನಂಬುವುದಿಲ್ಲ.

ಫೋಲ್ಡರ್ ಹೋದ ದಿನ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಡಿಸ್ಕನ್ನು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಳೆದುಹೋದ ಹಾಡುಗಳಲ್ಲಿ ಒಂದನ್ನು ಫೋನಿನಲ್ಲೇ ಹಾಕಿದರು. ಏಕತಾರಿ ಮಿಡಿಯಿತು. ತೀರಿಹೋದ ಅಜ್ಜ ಒಮ್ಮೆ ಕೆಮ್ಮಿದರು. "ಹಾಂ, ಹಿಡೀರಪ್ಪ ತಾಳ" ಅಂದರು.