ಅಳುವ ಹಾಡು ಕೇಳೋರನ್ನು ತಡೆಯಬೇಕಾ?

ಶಿರಸಿಯ ನನ್ನ ಕ್ಲಿನಿಕ್ಕಿಗೆ ಬರುವ ಮನೆಯವರ ದೂರುಗಳಲ್ಲಿ ಹಾಡಿನ ದೂರೂ ಒಂದು. “ಮೇಡಂ, ಇವ ರಾತ್ರಿ ಹೊತ್ತು ಬರೀ ಅಳೋ ಹಾಡೇ ಕೇಳ್ತಾನೆ. ಅದೊಂದು ಬಿಡಿಸಿ ಕೊಡಿ.” ಮಳೆಗಾಲದಲ್ಲಿ ಇದು ಸ್ವಲ್ಪ ಜಾಸ್ತಿ. ಬಿಸಿಲು ಕಾಣದೆ ಎಲ್ಲರೂ ಮನೆಯೊಳಗೇ ಇರುವಾಗ ಯಾರು ಏನು ಕೇಳುತ್ತಾರೆ ಅನ್ನೋದು ಮನೆಗೆಲ್ಲ ಗೊತ್ತಾಗುತ್ತದಲ್ಲ.

ನಾನು ಸಾಮಾನ್ಯವಾಗಿ ಬಿಡಿಸುವುದಿಲ್ಲ. ಹಾಡಿನಿಂದಲೇ ದುಃಖ ಬಂತು ಅಂತ ಮನೆಯವರು ತಿಳಿದಿರುತ್ತಾರೆ. ಹೆಚ್ಚಿನ ಸಲ ದುಃಖ ಮೊದಲೇ ಇತ್ತು, ಹಾಡು ಆಮೇಲೆ ಬಂತು.

ಬೇಸರದಲ್ಲಿರುವವರು ಹೇಗೆ ಮಾತಾಡುತ್ತಾರೆ, ಗಮನಿಸಿ. ಮಾತು ನಿಧಾನ, ದನಿ ತಗ್ಗು, ಏರಿಳಿತ ಕಡಿಮೆ. ನಾವು ದುಃಖದ್ದು ಅಂತ ಗುರುತಿಸುವ ಸಂಗೀತದಲ್ಲೂ ಇವೇ ಗುಣಗಳು. ಹಾಗಾಗಿ ಮಾತೇ ಇಲ್ಲದ ಜೋಗಿಯಾ ರಾಗದ ಆಲಾಪ ಕೇಳಿದರೂ ಹತ್ತಿರ ಯಾರೋ ಕೂತಿದ್ದಾರೆ ಅನ್ನಿಸುತ್ತದೆ. ಅವರು ಉಪದೇಶ ಮಾಡುವುದಿಲ್ಲ. “ಆದದ್ದು ಆಗಿಹೋಯ್ತು, ಮನಸ್ಸು ಗಟ್ಟಿ ಮಾಡ್ಕೋ” ಅನ್ನುವುದಿಲ್ಲ. ಮನೆಯಲ್ಲಿ ಸಾವಾದವರಿಗೆ ಈ ಮಾತು ಎಷ್ಟು ಜನ ಹೇಳಿರುತ್ತಾರೆ ಅಂದರೆ, ಏನೂ ಹೇಳದೆ ಸುಮ್ನೆ ಜೊತೆಗಿರುವ ಒಂದು ದನಿ ಸಿಕ್ಕರೆ ಸಾಕು ಅನ್ನಿಸಿರುತ್ತದೆ.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಯಕ್ಷಗಾನ ನೋಡಿ ಬೆಳೆದವರು. ಹರಿಶ್ಚಂದ್ರನ ಪ್ರಸಂಗದಲ್ಲಿ ಚಂದ್ರಮತಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಅಳುವಾಗ ಚಂಡೆ ಸುಮ್ಮನಾಗುತ್ತದೆ. ಮದ್ದಳೆ ಮೆಲ್ಲಗೆ. ಭಾಗವತರು ಪದವನ್ನು ಎಳೆದು ಎಳೆದು ಹಾಡುತ್ತಾರೆ. ಮುಂದೆ ಏನಾಗುತ್ತದೆ ಅನ್ನೋದು ಅಲ್ಲಿ ಕೂತ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರಿಗೂ ಗೊತ್ತು. ಆದರೂ ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ಎದ್ದು ಹೋಗಿ ಚಹಾ ಕುಡಿಯುತ್ತಾ “ಭಾಗವತರು ಇವತ್ತು ಎಂಥಾ ಹಾಡಿದ್ರು ಮಾರಾಯ” ಅಂತ ಮೆಚ್ಚುತ್ತಾರೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಕರುಣ ಒಂದು, ಅದರ ಬೇರು ಶೋಕ. ಮನೆಯಲ್ಲಿ ನಡೆದರೆ ಸಹಿಸಲಾಗದ್ದನ್ನು ರಂಗದ ಮೇಲೆ ದುಡ್ಡು ಕೊಟ್ಟು ನೋಡುತ್ತೇವೆ. ಯಾಕೆಂದರೆ ಅಲ್ಲಿ ನಾವು ಕಳೆದುಕೊಳ್ಳುವುದು ಏನೂ ಇಲ್ಲ. ಆ ದುಃಖಕ್ಕೊಂದು ತಾಳ ಇದೆ, ಬೆಳಗಾಗುವಷ್ಟರಲ್ಲಿ ಮಂಗಳ ಹಾಡಿ ಮುಗಿಯುತ್ತದೆ. ಸ್ವಂತ ದುಃಖಕ್ಕೆ ಇವೆರಡೂ ಇರುವುದಿಲ್ಲ. ಹಾಡು ಹಿಡಿಸುವುದು ಇಲ್ಲೇ ಅಂತ ನನಗನ್ನಿಸುತ್ತದೆ. ತಮ್ಮ ನೋವಿನ ಬಗ್ಗೆ ನನ್ನೆದುರು ಬಾಯಿ ಬಿಡಲಾಗದವರೂ ಚಂದ್ರಮತಿಯ ನೆಪದಲ್ಲಿ ಅಳುತ್ತಾರೆ.

ಇದಕ್ಕೆ ಹಾರ್ಮೋನಿನ ವಿವರಣೆಯೂ ಇದೆ. ದುಃಖವಾದಾಗ ದೇಹ ಪ್ರೊಲ್ಯಾಕ್ಟಿನ್ ಬಿಟ್ಟು ಸಮಾಧಾನ ಮಾಡುತ್ತದೆ, ಹಾಡು ಕೇಳಿದಾಗ ನಿಜವಾದ ನಷ್ಟ ಇಲ್ಲದೆಯೇ ಆ ಸಮಾಧಾನ ಸಿಗುತ್ತದೆ ಅಂತ 2011ರಲ್ಲಿ ಡೇವಿಡ್ ಹ್ಯೂರನ್ ಎಂಬ ಸಂಗೀತ ವಿಜ್ಞಾನಿ ಊಹಿಸಿದರು. ವಾಟ್ಸಾಪಿನಲ್ಲಿ ಓಡಾಡಲು ಹೇಳಿ ಮಾಡಿಸಿದ ವಿಷಯ! ಆದರೆ ಆಮೇಲೆ ಕೇಳುಗರ ರಕ್ತ ತೆಗೆದು ಅಳೆದು ನೋಡಿದಾಗ ಈ ಊಹೆಗೆ ಬೆಂಬಲ ಸಿಗಲಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2014ರ ಒಂದು ಸಮೀಕ್ಷೆ. ತರುಫಿ ಮತ್ತು ಕೋಲ್ಷ್ ಎಂಬ ಸಂಶೋಧಕರು 772 ಜನರನ್ನು ಕೇಳಿದಾಗ, ಇಂಥ ಸಂಗೀತದಿಂದ ಎಲ್ಲಕ್ಕಿಂತ ಜಾಸ್ತಿ ಹುಟ್ಟುವುದು ದುಃಖ ಅಲ್ಲ, ಹಳೆಯ ದಿನಗಳ ನೆನಪಿನ ಹಂಬಲ ಅಂತ ಗೊತ್ತಾಯಿತು. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಡಿಕೆ ತೋಟದ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು ಹಳೇ ಹಾಡು ಹಾಕಿಕೊಂಡು ಕೂರುತ್ತಾರಲ್ಲ, ಅದಕ್ಕೆ ಔಷಧಿ ಬರೆಯಲು ನನಗೆ ಕೈ ಬರುವುದಿಲ್ಲ.

ಹಾಗಂತ ಎಲ್ಲರಿಗೂ ಇದು ಒಳ್ಳೆಯದಲ್ಲ. ಆದದ್ದನ್ನೇ ಮೆಲುಕು ಹಾಕುವ ಸ್ವಭಾವದವರಿಗೆ ಇಂಥ ಹಾಡಿನಿಂದ ಮನಸ್ಸು ಇನ್ನಷ್ಟು ಕುಗ್ಗಬಹುದು. ಅವರಿಗೂ ಕೇಳುವಾಗ ಹಿತ ಅನ್ನಿಸುತ್ತದೆ, ಅಲ್ಲೇ ತೊಡಕು. ಅದಕ್ಕೇ ನಾನು ಯಾವ ಹಾಡು ಅಂತ ಕೇಳುವುದಕ್ಕಿಂತ, ಹಾಡು ಮುಗಿದ ಮೇಲೆ ಏನು ಮಾಡ್ತೀರಿ ಅಂತ ಕೇಳುತ್ತೇನೆ. “ಚೂರು ಅತ್ತು, ಊಟ ಮಾಡಿ ಮಲಗ್ದೆ” ಅಂದರೆ ಚಿಂತೆ ಇಲ್ಲ. ಅದೇ ಹಾಡು ರಾತ್ರಿ ಎರಡರವರೆಗೂ ತಿರುಗುತ್ತಿದ್ದರೆ, ಜೊತೆಗೆ “ನನಗೇ ಯಾಕೆ ಹೀಗಾಯ್ತು” ಅನ್ನೋದೂ ತಿರುಗುತ್ತಿದ್ದರೆ, ಅದರ ಬಗ್ಗೆ ಕೂತು ಮಾತಾಡಬೇಕು.

ಆಗಲೂ ಫೋನ್ ಕಿತ್ತುಕೊಂಡು ಕುಣಿಯುವ ಹಾಡು ಹಾಕಬೇಡಿ. ಸಿಟ್ಟು ಬರುತ್ತದೆ, ಅಷ್ಟೇ. ರೋಗಿಯ ಮನಸ್ಸು ಇದ್ದ ಹಾಗೇ ಇರುವ ಸಂಗೀತದಿಂದ ಶುರು ಮಾಡಿ ನಿಧಾನಕ್ಕೆ ಬದಲಾಯಿಸಬೇಕು ಅಂತ ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1948ರಲ್ಲೇ ಬರೆದಿದ್ದರು. ಮನೆಯಲ್ಲೂ ಇದನ್ನು ಮಾಡಬಹುದು. ಮೊದಲ ಎರಡು ಹಾಡು ಅವರಿಗೆ ಬೇಕಾದ್ದೇ ಇರಲಿ. ಆಮೇಲೆ ಸ್ವಲ್ಪ ಲಯ ಇರುವ ಒಂದು, ಕೊನೆಗೆ ಅವರು ಹಿಂದೆ ಇಷ್ಟಪಡುತ್ತಿದ್ದ ಒಂದು. ಆದರೆ ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಹಾಡನ್ನು ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಎರಡು ವಾರವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.