ಬಿಡಿಎಸ್ ಮುಗಿಸಿ ಹೊರದೇಶಕ್ಕೆ ಹೋದರೆ ಮತ್ತೆ ಮೊದಲಿನಿಂದ ಓದಬೇಕೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವಳು. ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮಂಗಳೂರಿನಲ್ಲಿ ಬಿಡಿಎಸ್ ಮಾಡಿ, ಒಂದೂವರೆ ವರ್ಷದಿಂದ ಇಲ್ಲಿಯ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪತಿ ಶಾರ್ಜಾದಲ್ಲಿದ್ದಾರೆ. ಕೆಲವು ವರ್ಷಗಳ ಬಳಿಕ ಕೆನಡಾಕ್ಕೆ ಹೋಗುವ ಯೋಚನೆಯಿದೆ. ಅಲ್ಲೆಲ್ಲ ದಂತವೈದ್ಯೆಯಾಗಿ ಮುಂದುವರಿಯಲು ಮತ್ತೆ ಮೊದಲಿನಿಂದ ಓದಬೇಕೇ? ಕ್ಲಿನಿಕ್ಕಿನ ಕೆಲಸವನ್ನು ಈಗಲೇ ಬಿಡಲೇ?

ಉತ್ತರ: ಮೊದಲಿನಿಂದ ಓದಬೇಕಾಗಿಲ್ಲ. ಆದರೆ ನಿಮ್ಮ ಪದವಿಯೊಂದನ್ನೇ ನೋಡಿ ಯಾವ ದೇಶವೂ ರೋಗಿಯ ಬಾಯಿಗೆ ಕೈ ಹಾಕಲು ಅನುಮತಿ ಕೊಡುವುದಿಲ್ಲ. ಇದರಿಂದ ಮನಸ್ಸು ನೋಯಿಸಿಕೊಳ್ಳಬೇಡಿ. ಹೊರದೇಶದಲ್ಲಿ ದಂತವೈದ್ಯಕೀಯ ಓದಿ ಬಂದ ನಮ್ಮವರಿಗೂ ಭಾರತದಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಸ್ಕ್ರೀನಿಂಗ್ ಪರೀಕ್ಷೆ ನಡೆಸುತ್ತದೆ. ಎಲ್ಲೆಡೆಯೂ ಕೇಳುವ ಪ್ರಶ್ನೆಗಳು ಮೂರೇ: ಕಾಗದಪತ್ರ ನಿಜವೇ, ತಿಳಿವಳಿಕೆ ಸಾಕಷ್ಟಿದೆಯೇ, ಕೈಯಲ್ಲಿ ಕೆಲಸವಿದೆಯೇ. ಯಾವ ದೇಶ ಯಾವುದಕ್ಕೆ ಹೆಚ್ಚು ತೂಕ ಕೊಡುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ನಿಮ್ಮ ದಾರಿಯಲ್ಲಿ ಮೊದಲು ಬರುವುದು ಶಾರ್ಜಾ. ಯುಎಇಯಲ್ಲಿ ದುಬೈಗೆ ಅಲ್ಲಿಯ ಆರೋಗ್ಯ ಪ್ರಾಧಿಕಾರವಾದ ಡಿಎಚ್‌ಎ, ಅಬುಧಾಬಿಗೆ ಆರೋಗ್ಯ ಇಲಾಖೆ, ಶಾರ್ಜಾ ಮತ್ತು ಉತ್ತರದ ಎಮಿರೇಟುಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ, ಹೀಗೆ ಲೈಸೆನ್ಸು ಕೊಡುವವರು ಬೇರೆ ಬೇರೆಯಾದರೂ ಅರ್ಹತೆಯ ನಿಯಮಗಳು ಬಹುಮಟ್ಟಿಗೆ ಒಂದೇ. ನಿಮ್ಮ ಪದವಿ, ನೋಂದಣಿ ಮತ್ತು ಅನುಭವದ ಪತ್ರಗಳನ್ನು ಡೇಟಾಫ್ಲೋ ಎಂಬ ಸಂಸ್ಥೆಯು ಅವುಗಳನ್ನು ಕೊಟ್ಟವರಲ್ಲಿಯೇ ನೇರವಾಗಿ ಕೇಳಿ ಪರಿಶೀಲಿಸುತ್ತದೆ. ಅದರ ಜೊತೆಗೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯೊಂದಿರುತ್ತದೆ. ಊರಿನಲ್ಲಿ ಎಲ್ಲರೂ ಅದನ್ನು ‘ಪ್ರೊಮೆಟ್ರಿಕ್’ ಎಂದೇ ಕರೆಯುತ್ತಾರೆ. ಸಾಮಾನ್ಯ ದಂತವೈದ್ಯರಿಗೆ ಅಲ್ಲಿ ಸಾಮಾನ್ಯವಾಗಿ ಇಂಟರ್ನ್‌ಶಿಪ್ ಕಳೆದ ಮೇಲಿನ ಎರಡು ವರ್ಷಗಳ ಅನುಭವ ಕೇಳುತ್ತಾರೆ. ನಿಮ್ಮದು ಒಂದೂವರೆ ವರ್ಷ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಹೇಳಿಬಿಡುತ್ತೇನೆ: ಬಿಡಬೇಡಿ. ಇನ್ನು ಆರು ತಿಂಗಳು ಅಲ್ಲಿಯೇ ಇರಿ. ಮದುವೆಯಾಯಿತು, ವೀಸಾ ಬಂತು ಎಂದು ಅವಸರದಲ್ಲಿ ಹೊರಟು, ಅಲ್ಲಿ ಹೋಗಿ ಅನುಭವ ಸಾಲದೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳು ನಮ್ಮ ಕುಂಬಳೆ, ಉಪ್ಪಳದ ಕಡೆ ಒಬ್ಬಿಬ್ಬರಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವೃತ್ತಿಯಿಂದ ದೂರವಿದ್ದರೆ ಹೆಚ್ಚುವರಿ ತರಬೇತಿಯ ಷರತ್ತೂ ಎದುರಾಗಬಹುದು. ಆಗ ಕೈಯಲ್ಲಿದ್ದ ಅನುಭವವೂ ಹಳತಾಗಿಬಿಡುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಗಡಿನಾಡಿನ ನಮಗೆ ವಿಶೇಷವಾದ ಒಂದು ತೊಡಕಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಶಾಲೆಯ ದಾಖಲೆ ಕೇರಳದ್ದು, ಪದವಿ ಕರ್ನಾಟಕದ್ದು. ಕೇರಳದ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ಶ್ರುತಿ ಕೆ.’ ಎಂದಿರುವ ಹೆಸರನ್ನು ಇಂಗ್ಲಿಷಿನಲ್ಲಿ ಮಲಯಾಳದ ರೂಢಿಯಂತೆ ಬರೀ ‘ಎಸ್’ ಹಾಕಿ ಬರೆದಿರುತ್ತಾರೆ; ಮಂಗಳೂರಿನ ಕಾಲೇಜಿಗೆ ಸೇರುವಾಗ ಅದೇ ಹೆಸರು ‘ಎಸ್’ ಮುಂದೆ ‘ಎಚ್’ ಸೇರಿಸಿಕೊಳ್ಳುತ್ತದೆ; ಪಾಸ್‌ಪೋರ್ಟಿನಲ್ಲಿ ಆ ‘ಕೆ.’ ಬಿಡಿಸಿಕೊಂಡು ತಂದೆಯ ಹೆಸರೋ ಮನೆತನದ ಹೆಸರೋ ಆಗುತ್ತದೆ; ಮದುವೆಯ ಬಳಿಕ ಪತಿಯ ಹೆಸರೂ ಬಂದರೆ ಒಬ್ಬಳೇ ಹುಡುಗಿ ನಾಲ್ಕು ಕಾಗದಗಳಲ್ಲಿ ನಾಲ್ಕು ಜನರಾಗಿರುತ್ತಾಳೆ. ನಮಗೆ ಇದು ದಿನನಿತ್ಯದ ಸಂಗತಿ. ದೂರದಲ್ಲಿ ಕುಳಿತು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವವರಿಗೆ ಮಾತ್ರ ಅದು ಅನುಮಾನಕ್ಕೆ ಕಾರಣ. ನೋಟರಿಯ ಅಫಿಡವಿಟ್ ಕೆಲವೆಡೆ ಸಾಕಾಗುತ್ತದೆ, ಕೆಲವೆಡೆ ಗಜೆಟ್ ಪ್ರಕಟಣೆಯೇ ಬೇಕಾಗುತ್ತದೆ. ಯಾವುದಕ್ಕೂ ಅರ್ಜಿ ಹಾಕುವ ಮುನ್ನ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಪಾಸ್‌ಪೋರ್ಟಿನ ಹೆಸರಿನೊಂದಿಗೆ ಒಂದೊಂದನ್ನೂ ಹೋಲಿಸಿ ನೋಡಿ, ತಿದ್ದಬೇಕಾದುದನ್ನು ಊರಿನಲ್ಲಿರುವಾಗಲೇ ತಿದ್ದಿಸಿಕೊಳ್ಳಿ.

ಅಟೆಸ್ಟೇಷನ್ನಿಗೂ ಇದೇ ಗಡಿಯ ಪ್ರಶ್ನೆ. ಪದವಿ ಕೊಟ್ಟ ರಾಜ್ಯದಲ್ಲಿಯೇ ಅದರ ದೃಢೀಕರಣ ಆಗಬೇಕಾಗಿರುವುದರಿಂದ ನಿಮ್ಮ ಬಿಡಿಎಸ್ ಪ್ರಮಾಣಪತ್ರ ಮೊದಲು ಕರ್ನಾಟಕದಲ್ಲಿ ದೃಢೀಕರಣಗೊಂಡು, ಬಳಿಕ ವಿದೇಶಾಂಗ ಸಚಿವಾಲಯಕ್ಕೂ ಯುಎಇ ರಾಯಭಾರ ಕಚೇರಿಗೂ ಹೋಗಬೇಕು. ಇನ್ನು ನೋಂದಣಿ. ನೀವು ಮೊದಲು ಕರ್ನಾಟಕ ದಂತವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿ, ಊರಿಗೆ ಬಂದ ಮೇಲೆ ಕೇರಳದ ಪರಿಷತ್ತಿಗೆ ವರ್ಗಾಯಿಸಿಕೊಂಡಿದ್ದರೆ, ‘ಗುಡ್ ಸ್ಟ್ಯಾಂಡಿಂಗ್’ ಪ್ರಮಾಣಪತ್ರವನ್ನು ಎರಡೂ ಕಡೆಯಿಂದ ಕೇಳುವ ಸಾಧ್ಯತೆಯಿದೆ. ನಿಮ್ಮ ಮೇಲೆ ಶಿಸ್ತುಕ್ರಮವೇನೂ ಇಲ್ಲ ಎಂದು ಹೇಳುವ ಆ ಪತ್ರಕ್ಕೆ ಕೆಲವು ತಿಂಗಳಷ್ಟೇ ಬೆಲೆ; ಆದ್ದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಪಡೆಯಿರಿ. ನೋಂದಣಿಯ ನವೀಕರಣವನ್ನು ಮಾತ್ರ ಹೊರದೇಶದಲ್ಲಿದ್ದರೂ ತಪ್ಪಿಸಬೇಡಿ.

ಈಗ ಕೆನಡಾ. ಅಲ್ಲಿ ರಾಷ್ಟ್ರೀಯ ದಂತ ಪರೀಕ್ಷಾ ಮಂಡಳಿಯು, ಅಂದರೆ ಎನ್‌ಡಿಇಬಿಯು, ಹೊರಗಿನಿಂದ ಬಂದ ದಂತವೈದ್ಯರಿಗಾಗಿ ಸಮಾನತೆಯ ಪರೀಕ್ಷೆಗಳನ್ನು ನಡೆಸುತ್ತದೆ. ಮೊದಲನೆಯದು ಮೂಲಜ್ಞಾನದ ಎಎಫ್‌ಕೆ. ಅದು ಮುಗಿದ ಬಳಿಕ ಎಕ್ಸ್‌ರೇ ಮತ್ತು ರೋಗಿಯ ವಿವರ ನೋಡಿ ತೀರ್ಮಾನಿಸುವ ಎಸಿಜೆ, ಹಾಗೂ ಪ್ರಾಯೋಗಿಕ ಪರೀಕ್ಷೆಯಾದ ಎನ್‌ಡಿಇಸಿಸಿ. ಇವುಗಳಲ್ಲಿ ತೇರ್ಗಡೆಯಾದವರು ಕೆನಡಾದಲ್ಲಿ ಓದಿದವರೂ ಬರೆಯುವ ಕೊನೆಯ ಪ್ರಮಾಣಪತ್ರ ಪರೀಕ್ಷೆಯನ್ನು ಬರೆದು, ಬಳಿಕ ತಾವು ನೆಲೆಸುವ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಲ್ಲಿ, ಉದಾಹರಣೆಗೆ ಒಂಟಾರಿಯೊದಲ್ಲಾದರೆ ರಾಯಲ್ ಕಾಲೇಜ್ ಆಫ್ ಡೆಂಟಲ್ ಸರ್ಜನ್ಸ್‌ನಲ್ಲಿ, ಲೈಸೆನ್ಸಿಗೆ ಅರ್ಜಿ ಹಾಕಬೇಕು. ಈ ಪರೀಕ್ಷೆಗಳು ಬೇಡವೆನ್ನುವವರಿಗೆ ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು ಎರಡು ವರ್ಷಗಳ ಪೂರಕ ಕೋರ್ಸುಗಳಿವೆ. ಆದರೆ ಸೀಟುಗಳು ಕಡಿಮೆ, ಶುಲ್ಕ ಬಹಳ ದುಬಾರಿ.

ಸಮಾನತೆಯ ಪರೀಕ್ಷೆಗಳಲ್ಲಿ ಪ್ರತಿಯೊಂದಕ್ಕೂ ಮೂರೇ ಅವಕಾಶ. ‘ಒಮ್ಮೆ ಬರೆದು ನೋಡೋಣ, ಹೇಗಿರುತ್ತದೆಂದು ತಿಳಿಯುತ್ತದೆ’ ಎನ್ನುವ ನಮ್ಮ ಪರೀಕ್ಷಾ ಅಭ್ಯಾಸ ಇಲ್ಲಿ ನಷ್ಟಕ್ಕೇ ದಾರಿ. ಓದು ಮುಗಿದಿದೆ ಎಂಬ ಧೈರ್ಯ ಬರುವ ತನಕ ಎಎಫ್‌ಕೆಗೆ ಕುಳಿತುಕೊಳ್ಳಬೇಡಿ.

ನಮ್ಮಲ್ಲಿ ಕಲಿತವರು ಹೆಚ್ಚಾಗಿ ಎಡವುವುದು ಒಟ್ಟಾವಾದಲ್ಲಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ. ಕಾರಣ ನಮ್ಮ ಕೈ ಕಚ್ಚಾ ಎಂದಲ್ಲ, ಅದು ಬೇರೆ ಬಗೆಯಲ್ಲಿ ಪಳಗಿದೆ ಎಂದು. ನನ್ನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ ಕಿರಿಯ ವೈದ್ಯೆಯೊಬ್ಬರು ಈ ಪರೀಕ್ಷೆಗಾಗಿ ಪ್ಲಾಸ್ಟಿಕ್ ಹಲ್ಲುಗಳ ದವಡೆಯೊಂದನ್ನು ತರಿಸಿ, ರೋಗಿಯ ಕುರ್ಚಿಯ ತಲೆದಿಂಬಿಗೆ ಬಿಗಿದು, ಸಂಜೆ ರೋಗಿಗಳೆಲ್ಲ ಹೋದ ಮೇಲೆ ಅಭ್ಯಾಸ ಮಾಡುತ್ತಿದ್ದರು. ನೂರಾರು ಕ್ರೌನ್ ಮಾಡಿದ್ದ ಅವರ ಕೈ ಮೊದಲ ವಾರ ತಡವರಿಸಿತು. ಪ್ಲಾಸ್ಟಿಕ್ ಹಲ್ಲಿಗೆ ಎನಾಮೆಲ್‌ನ ಗಡಸುತನ ಇಲ್ಲದಿರುವುದರಿಂದ ಹಲ್ಲು ಕೊರೆಯುವ ಬರ್ ತಾಗಿದ ಕೂಡಲೇ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿದುಬಿಡುತ್ತಿತ್ತು. ರೋಗಿಗಾದರೆ ‘ಸ್ವಲ್ಪ ಆಚೆ ತಿರುಗಿ’ ಎನ್ನಬಹುದು, ಗೊಂಬೆ ತಿರುಗುವುದಿಲ್ಲ; ಮೇಲ್ದವಡೆಯ ಹಿಂಬದಿಯ ಹಲ್ಲನ್ನು ಕನ್ನಡಿಯಲ್ಲಿ ನೋಡಿಯೇ ತಿದ್ದಬೇಕು. ಒಂದು ಸಂಜೆ ಎಲ್ಲವೂ ಸೊಗಸಾಗಿ ಮುಗಿಯಿತೆಂದು ಲೂಪ್ ಎಂಬ ಭೂತಗನ್ನಡಿ ಹಾಕಿ ನೋಡಿದರೆ, ಪಕ್ಕದ ಹಲ್ಲಿನ ಮೇಲೆ ಕೂದಲೆಳೆಯಷ್ಟು ಗೀರು. ನಮ್ಮಲ್ಲಿ ಅದನ್ನು ಪಾಲಿಷ್ ಮಾಡಿ ಮುಂದೆ ಹೋಗುತ್ತೇವೆ. ಅಲ್ಲಿ ಪಕ್ಕದ ಹಲ್ಲಿಗೆ ಆದ ಹಾನಿಯನ್ನು ದೊಡ್ಡ ತಪ್ಪೆಂದೇ ಎಣಿಸುತ್ತಾರೆ, ಮತ್ತು ರೋಗಿಯ ದೃಷ್ಟಿಯಿಂದ ಅದು ಸರಿಯೂ ಹೌದು ಎಂದು ನನ್ನ ಅಭಿಪ್ರಾಯ. ರಬ್ಬರ್ ಡ್ಯಾಮ್, ಅಂದರೆ ಕೆಲಸ ಮಾಡುವ ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಹಾಕುವುದನ್ನು ಕಾಲೇಜಿನಲ್ಲಿ ಕಲಿತು ಕ್ಲಿನಿಕ್ಕಿನಲ್ಲಿ ಮರೆತವರು ಬಹಳ ಮಂದಿ. ನೀವು ನಾಳೆಯಿಂದಲೇ ಪ್ರತಿ ರೂಟ್ ಕೆನಾಲಿಗೂ ಅದನ್ನು ಹಾಕತೊಡಗಿದರೆ ಪರೀಕ್ಷೆಯ ಅರ್ಧ ತಯಾರಿ ಬದಿಯಡ್ಕದಲ್ಲಿಯೇ ಆಗಿರುತ್ತದೆ.

ಉಳಿದ ದೇಶಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಜನರಲ್ ಡೆಂಟಲ್ ಕೌನ್ಸಿಲ್‌ನ ಓಆರ್‌ಇ ಎಂಬ ಎರಡು ಹಂತಗಳ ಪರೀಕ್ಷೆಯಿದೆ. ಅಲ್ಲಿ ಸೀಟು ಸಿಗುವುದಕ್ಕೇ ದೀರ್ಘ ಕಾಲ ಕಾಯಬೇಕಾಗಿರುವುದು ಎಲ್ಲರೂ ಬಲ್ಲ ಸಂಗತಿ. ಆಸ್ಟ್ರೇಲಿಯಾದಲ್ಲಿ ಡೆಂಟಲ್ ಕೌನ್ಸಿಲ್ ಮೊದಲು ಅರ್ಹತೆ ಪರಿಶೀಲಿಸಿ, ಬಳಿಕ ಲಿಖಿತ ಪರೀಕ್ಷೆಯನ್ನೂ ಮೆಲ್ಬೋರ್ನಿನಲ್ಲಿ ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತದೆ. ಜರ್ಮನಿಯಲ್ಲಿ ಭಾಷೆಯೇ ಮೊದಲ ಬಾಗಿಲು. ವೈದ್ಯಕೀಯ ಜರ್ಮನ್ ಬಾರದೆ ಮುಂದಿನ ಮಾತಿಲ್ಲ. ಅಮೆರಿಕದಲ್ಲಿ ಲೈಸೆನ್ಸು ಕೊಡುವುದು ಆಯಾ ರಾಜ್ಯ. ಐಎನ್‌ಬಿಡಿಇ ಎಂಬ ಪರೀಕ್ಷೆ ಪಾಸು ಮಾಡಿದರೂ ಹೆಚ್ಚಿನ ರಾಜ್ಯಗಳಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎರಡು–ಮೂರು ವರ್ಷ ಮತ್ತೆ ಓದಲೇಬೇಕು. ನಿಮ್ಮ ‘ಮತ್ತೆ ಓದಬೇಕೇ’ ಎಂಬ ಪ್ರಶ್ನೆಗೆ ಹೌದೆನ್ನಬೇಕಾದ ದೇಶ ಮುಖ್ಯವಾಗಿ ಅದೊಂದೇ.

ಲೈಸೆನ್ಸು ಬರುವ ಮೊದಲು ‘ಅಸಿಸ್ಟೆಂಟ್ ಎಂದು ಬರೆದುಕೊಳ್ಳೋಣ, ಒಳಗೆ ಡಾಕ್ಟರ ಕೆಲಸ ಮಾಡಿ’ ಎಂದು ಯಾರಾದರೂ ಕರೆದರೆ ದಯವಿಟ್ಟು ಒಪ್ಪಬೇಡಿ. ಅಲ್ಲಿ ಅದು ಅಪರಾಧ. ಸಿಕ್ಕಿಬಿದ್ದರೆ ಕರೆದವರು ನಿಮ್ಮ ಜೊತೆಗೆ ನಿಲ್ಲುವುದಿಲ್ಲ, ಮುಂದೆ ಯಾವ ದೇಶದಲ್ಲಿಯೂ ಶುದ್ಧವಾದ ಗುಡ್ ಸ್ಟ್ಯಾಂಡಿಂಗ್ ಸಿಗುವುದಿಲ್ಲ. ನಿಯಮಗಳು ಮತ್ತು ಶುಲ್ಕಗಳು ಆಗಾಗ ಬದಲಾಗುತ್ತವೆ. ಏಜೆಂಟರ ಮಾತಿಗಿಂತ ಆಯಾ ಮಂಡಳಿಯ ಅಧಿಕೃತ ಜಾಲತಾಣವನ್ನೇ ನಂಬಿ.

ಆರು ತಿಂಗಳ ಬಳಿಕ ಕ್ಲಿನಿಕ್ ಬಿಡುವ ದಿನ, ಸೇರಿದ ಮತ್ತು ಬಿಟ್ಟ ತಾರೀಕು, ಹುದ್ದೆ, ಪೂರ್ಣಾವಧಿ ಕೆಲಸವೆಂಬ ಮಾತು, ಪಾಸ್‌ಪೋರ್ಟಿನಲ್ಲಿರುವ ಹೆಸರು ಇವಿಷ್ಟೂ ಸ್ಪಷ್ಟವಾಗಿರುವ ಅನುಭವ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ಸಹಿ, ಮೊಹರು ಸಹಿತ ಪಡೆದುಕೊಳ್ಳಿ. ಪರಿಶೀಲನೆಯ ಇ-ಮೇಲ್ ಬರುವುದು ಕ್ಲಿನಿಕ್ಕಿನ ಡಾಕ್ಟರಿಗೆ. ಹಾಗೆ ಬಂದಾಗ ತಡಮಾಡದೆ ಉತ್ತರಿಸಬೇಕೆಂದು ಅವರಲ್ಲಿ ಈಗಲೇ ಹೇಳಿಟ್ಟಿರಿ.