ಹೇಳಿಕೊಳ್ಳಲು ಒಂದು ಜಾಗ

ಮುಂಬಯಿಯ ಮಾಟುಂಗಾದಲ್ಲಿ ವಾರಕ್ಕೆರಡು ದಿನ ಆಪ್ತಸಮಾಲೋಚನೆಗೆ ಕೂರುತ್ತೇನೆ. ಒಂದು ಮಳೆಗಾಲದ ಸಂಜೆ ಡೊಂಬಿವಲಿಯಿಂದ ಬಂದ ಹೆಂಗಸೊಬ್ಬರು ಒದ್ದೆ ಕೊಡೆಯ ಹಿಡಿ ತಿರುಗಿಸುತ್ತಾ ಬಹಳ ಹೊತ್ತು ಹಿಂದಿಯಲ್ಲೇ ಮಾತಾಡಿದರು: ಟೆನ್ಶನ್, ಬಿಪಿ, ನಿದ್ದೆಯಿಲ್ಲ. ಕನ್ನಡದಲ್ಲೇ ಹೇಳಬಹುದು ಅಂದೆ. ಕೊಡೆ ನಿಂತಿತು. ‘ಅತ್ತೆ ತೀರಿಹೋದ ಮೇಲೆ ಊಟ ಆಯ್ತಾ ಅಂತ ಕೇಳುವವರೇ ಇಲ್ಲ ನನ್ನನ್ನು’ ಅಂದರು. ಆಮೇಲೆ, ‘ನಾನೇನು ಮಾಡ್ಬೇಕು, ನೀವೇ ಹೇಳಿ.’

ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಾರದು ಎಂಬ ಪಾಠದ ಹಿಂದೆ ಇರುವವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ (1902–1987). 1928ರಿಂದ ಹನ್ನೆರಡು ವರ್ಷ ಅವರು ರೋಚೆಸ್ಟರ್ ಊರಿನಲ್ಲಿ ಮಕ್ಕಳ ಸಮಸ್ಯೆಗಳನ್ನು ನೋಡುತ್ತಿದ್ದರು. ಅಲ್ಲಿ ತುಂಟ ಹುಡುಗನೊಬ್ಬನ ತಾಯಿಗೆ, ಮಗನನ್ನು ನೀವು ಎಳವೆಯಲ್ಲೇ ದೂರ ಮಾಡಿದ್ದೇ ಇದಕ್ಕೆಲ್ಲ ಮೂಲ ಎಂದು ಮನಗಾಣಿಸಲು ವಾರಗಟ್ಟಲೆ ಹೆಣಗಿದರು. ಆಗಲಿಲ್ಲ. ಇನ್ನು ಸಾಕು ಎಂದು ಇಬ್ಬರೂ ಒಪ್ಪಿದರು. ಬಾಗಿಲವರೆಗೆ ಹೋದ ಆ ತಾಯಿ ತಿರುಗಿ, ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದರು. ಮತ್ತೆ ಬಂದು ಕುಳಿತು, ಮುರಿಯುತ್ತಿದ್ದ ತನ್ನ ದಾಂಪತ್ಯವನ್ನು ತೋಡಿಕೊಂಡರು. ನೋವು ಎಲ್ಲಿದೆ ಎಂಬುದು ನೊಂದವರಿಗೇ ಗೊತ್ತು ಎಂಬ ನಂಬಿಕೆ ರೋಜರ್ಸ್‌ಗೆ ಗಟ್ಟಿಯಾದದ್ದು ಹೀಗೆ.

1942ರ ಪುಸ್ತಕದಲ್ಲಿ ಅವರು ನೆರವು ಕೇಳಿ ಬಂದವರನ್ನು ರೋಗಿ ಎನ್ನದೆ ಕ್ಲೈಂಟ್ ಎಂದರು. ಧ್ವನಿಮುದ್ರಿಸಿದ ಒಂದು ಇಡೀ ಸಮಾಲೋಚನೆಯನ್ನು ಮಾತಿಗೆ ಮಾತು ಅಚ್ಚು ಹಾಕಿಸಿದರು. ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನು ಹೀಗೆ ತೆರೆದಿಟ್ಟದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. 1951ರಲ್ಲಿ ‘ಕ್ಲೈಂಟ್ ಕೇಂದ್ರಿತ ಚಿಕಿತ್ಸೆ’ ಎಂಬ ಹೆಸರಿನಲ್ಲೇ ಪುಸ್ತಕ ಬಂತು. ನಮ್ಮಲ್ಲಿ ಕ್ಲೈಂಟ್ ಎಂಬುದಕ್ಕೆ ಗ್ರಾಹಕ ಅಂದರೆ ಅಂಗಡಿ, ಕಕ್ಷಿದಾರ ಅಂದರೆ ಕೋರ್ಟು ನೆನಪಾಗುತ್ತದೆ. ಎರಡೂ ನನಗೆ ಒಗ್ಗಿಲ್ಲ.

1957ರ ಪ್ರಬಂಧದಲ್ಲಿ ಅವರು ವಿವರಿಸಿದ ಮೂರು ಗುಣಗಳೇ ಇಂದಿಗೂ ತರಬೇತಿಯ ಬುನಾದಿ. ಕೇಳುವವರಿಗೆ ಒಳಗೊಂದು ಹೊರಗೊಂದು ಇರಬಾರದು. ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು. ಅವರ ಲೋಕವನ್ನು ಅವರ ಕಣ್ಣಿಂದಲೇ ಕಾಣಬೇಕು. ಎರಡನೆಯದೇ ಕಷ್ಟ. ಹೆಂಡತಿಗೆ ಹೊಡೆದೆ ಎನ್ನುವವನ ಮುಂದೆ ಕುಳಿತಾಗ, ಕೃತ್ಯವನ್ನು ಒಪ್ಪದೆ ಮನುಷ್ಯನನ್ನು ಒಪ್ಪುವುದೆಂದರೇನು ಎಂಬುದು ಮೈಗೇ ತಿಳಿಯುತ್ತದೆ.

ಆಡಿದ ಮಾತನ್ನೇ ತಿರುಗಿ ಹೇಳುವುದಷ್ಟೇ ಈ ವಿದ್ಯೆ ಎಂಬ ತಪ್ಪು ತಿಳಿವಳಿಕೆಯೂ ಹಬ್ಬಿತು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರ ಎಲಿಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ ಇದೇ ಧಾಟಿಯನ್ನು ಅನುಕರಿಸಿತು. ಇನ್ನು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದವರ ಮೇಲೆ ನಡೆಸಿದ ಅಧ್ಯಯನದಲ್ಲಿ ರೋಜರ್ಸ್ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ತೀವ್ರ ಕಾಯಿಲೆಗೆ ಮನೋವೈದ್ಯರು, ಔಷಧಿ ಬೇಕೇ ಬೇಕು. ಅಂಥವರನ್ನು ನಾನು ತಡಮಾಡದೆ ಕಳಿಸುತ್ತೇನೆ.

ಮುಂಬಯಿಯಲ್ಲಿ ಸಮಾಜಕಾರ್ಯದ ಶಿಕ್ಷಣ 1936ರಲ್ಲೇ ಶುರುವಾಯಿತು, ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ. 2012ರಿಂದ ಅಲ್ಲಿಯದೇ ಐಕಾಲ್ ಎಂಬ ಸಹಾಯವಾಣಿ ಫೋನ್ ಮೂಲಕ ಸಮಾಲೋಚನೆ ನೀಡುತ್ತಿದೆ. ಆದರೆ ನಮ್ಮ ಕನ್ನಡದವರ ನಡುವೆ ಕಷ್ಟವೆಂದರೆ ಇಂದಿಗೂ ಹಿರಿಯರ ಬಳಿ ಹೋಗುವುದು, ಬುದ್ಧಿಮಾತು ಕೇಳಿ ಬರುವುದು. ಅಲ್ಲಿ ಪ್ರೀತಿಯಿದೆ, ಇಲ್ಲವೆನ್ನಲಾರೆ. ‘ಹೇಳಿಕೊಳ್ಳುವುದು’ ಎಂಬ ಚಂದದ ಮಾತು ನಮ್ಮಲ್ಲಿದೆ. ಆದರೆ ಹೇಳಿಕೊಳ್ಳುವವರಿಗೆ ಪೂರ್ತಿ ಹೇಳಿ ಮುಗಿಸುವ ವ್ಯವಧಾನವನ್ನೇ ನಾವು ಕೊಡುವುದಿಲ್ಲ.

ಅಂದು ನಾನು, ‘ಯಾರೂ ಕೇಳುವವರಿಲ್ಲ ಅಂದ್ರಿ’ ಎಂದಷ್ಟೇ ಹೇಳಿ ಸುಮ್ಮನಾದೆ. ಹೊರಗೆ ಮಳೆ. ತುಸು ಹೊತ್ತಿನ ಮೇಲೆ ಅವರು, ‘ಊರಿಗೆ ಹೋಗ್ಬೇಕು ಅನ್ನಿಸ್ತದೆ’ ಅಂದರು. ತಲೆಯಾಡಿಸಿದರು. ‘ಅಲ್ಲ, ಊರಲ್ಲ. ನನ್ನ ಹೊಲಿಗೆ ಮೆಷಿನ್ ಅಟ್ಟದಲ್ಲುಂಟು. ಅದನ್ನು ಕೆಳಗಿಳಿಸ್ಬೇಕು.’